ಘಾಟಿಯಲ್ಲಿ ಕೈಕೊಡದ ಕಾರು ಯಾವುದು? ಎಂಟು ಲಕ್ಷದೊಳಗೆ ಸಲಹೆ ಬೇಕು

ಪ್ರಶ್ನೆ – ಮೇಗರವಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ ಸಿಗುತ್ತದೆ. ಅಲ್ಲಿಂದ ಒಳಗೆ ಹೋದರೆ ನಮ್ಮ ಮನೆ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣಿನ ರಸ್ತೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಮನೆಗೆ ಇದು ಮೊದಲ ಕಾರು. ತಿಳಿದವರನ್ನು ಕೇಳದೆ ಮುಂದುವರಿಯಲು ಧೈರ್ಯ ಸಾಲದು.

ಅಪ್ಪಯ್ಯನಿಗೆ ಎಪ್ಪತ್ತನಾಲ್ಕು ವರ್ಷ. ಎರಡು ವರ್ಷದ ಹಿಂದೆ ಹೃದಯದ ಶಸ್ತ್ರಚಿಕಿತ್ಸೆ ಆಗಿದೆ, ಮಂಡಿನೋವೂ ಇದೆ. ತಿಂಗಳಿಗೊಮ್ಮೆ, ಕೆಲವು ತಿಂಗಳು ಎರಡು ಸಲ, ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ಮೇಲೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಇಷ್ಟು ದಿನ ಬಾಡಿಗೆ ಕಾರು ಮಾಡಿಕೊಂಡು ಹೋಗುತ್ತಿದ್ದೆವು.

ಕಳೆದ ಜುಲೈನಲ್ಲಿ ಆಸ್ಪತ್ರೆಯಿಂದ ವಾಪಸು ಬರುವಾಗ, ಸಂಜೆ ಐದೂವರೆಯ ಹೊತ್ತಿಗೆ, ಘಾಟಿಯ ಅರ್ಧದಲ್ಲಿ ಆ ಕಾರಿನ ಕ್ಲಚ್ ಹೋಯಿತು. ಸುಟ್ಟ ವಾಸನೆ ಬಂತು. ಎಂಜಿನ್ ಕೂಗುತ್ತಿತ್ತು, ಕಾರು ಮಾತ್ರ ಮೇಲಕ್ಕೆ ಹತ್ತಲಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಮಂಜು ಎಷ್ಟು ಕವಿದಿತ್ತೆಂದರೆ ಕೆಳಗಿನಿಂದ ಬರುವ ಮಿನಿ ಬಸ್ಸಿನ ದೀಪ ಕಾಣುವಷ್ಟರಲ್ಲಿ ಅದು ನಮ್ಮ ಬೆನ್ನಿಗೇ ಬಂದಿರುತ್ತಿತ್ತು. ಚಾಲಕರು ಟವೆಲ್ ಬೀಸುತ್ತಾ ತಿರುವಿನಲ್ಲಿ ನಿಂತಿದ್ದರು. ಅಪ್ಪಯ್ಯ ಹಿಂದಿನ ಸೀಟಿನಲ್ಲಿ ಎದೆಯ ಮೇಲೆ ಕೈ ಇಟ್ಟುಕೊಂಡು, "ನನಗೇನೂ ಆಗಿಲ್ಲ, ನೀನು ಹೆದರಬೇಡ" ಎಂದು ಹೇಳುತ್ತಲೇ ಇದ್ದರು. ಎರಡು ಗಂಟೆ ಹಾಗೆ ಕಳೆದೆವು. ನಮ್ಮದೇ ಕಾರು ಕೊಳ್ಳಬೇಕೆಂದು ನಿರ್ಧರಿಸಿದ್ದು ಆ ರಾತ್ರಿ.

ರಸ್ತೆಗಿಳಿಯುವ ಹೊತ್ತಿಗೆ ಎಲ್ಲ ಸೇರಿ ಎಂಟು ಲಕ್ಷ ದಾಟಬಾರದು. ಅಡಿಕೆಯ ದುಡ್ಡು ಐದು ಲಕ್ಷ ಇದೆ, ಉಳಿದದ್ದು ಬ್ಯಾಂಕ್ ಸಾಲ. ವರ್ಷಕ್ಕೆ ಸುಮಾರು ಹತ್ತು ಸಾವಿರ ಕಿಲೋಮೀಟರ್ ಓಡಬಹುದು. ನಾನೇ ಓಡಿಸುವವಳು, ಪರವಾನಗಿ ಸಿಕ್ಕಿ ಎರಡು ವರ್ಷವಾಯಿತು.

ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಮಾರುತಿ ತಗಡು ಎಂದು ಭಾವ ಹೇಳಿದರೆ, ಮಾರುತಿ ಬಿಟ್ಟರೆ ಮತ್ತೊಂದಿಲ್ಲ ಎಂದು ಅವರ ತಮ್ಮನೇ ಹೇಳುತ್ತಾರೆ. ಸಹೋದ್ಯೋಗಿಯೊಬ್ಬರು ಟಾಟಾ ಗಟ್ಟಿ ಎನ್ನುತ್ತಾರೆ, ಇನ್ನೊಬ್ಬರಿಗೆ ಹುಂಡೈ. ಅವರೆಲ್ಲ ಹೇಳುವುದು ತಮ್ಮ ಮನೆಯಲ್ಲಿರುವ ಕಾರನ್ನೇ. ನನಗೆ ಅಲಂಕಾರ ಬೇಡ, ದೊಡ್ಡ ಟಿವಿ ಪರದೆ ಬೇಡ. ಘಾಟಿಯಲ್ಲಿ ಕೈಕೊಡಬಾರದು. ಕೆಟ್ಟರೂ ರಿಪೇರಿಯ ಖರ್ಚು ನನ್ನ ಒಂದು ತಿಂಗಳ ಸಂಬಳದೊಳಗೆ ಮುಗಿಯಬೇಕು. ಯಾವ ಕಂಪನಿಯನ್ನು ನಂಬಲಿ?

ಉತ್ತರ – ಶಿವಮೊಗ್ಗ ಟ್ಯಾಕ್ಸಿ

ಮೇಡಂ, ನನ್ನದು 2015ರ ಡಿಸೈರ್ ಡೀಸೆಲ್. ಇವತ್ತಿಗೆ 3,62,000 ಕಿಲೋಮೀಟರ್ ಓಡಿದೆ. ಎಂಜಿನ್ ಬಿಚ್ಚಿಲ್ಲ. ಕ್ಲಚ್ ಎರಡು ಸಲ ಹಾಕಿಸಿದ್ದೇನೆ, ಮುಂದಿನ ಶಾಕ್ ಅಬ್ಸಾರ್ಬರ್ ಮೂರು ಸಲ. ಹುಲಿಕಲ್ ಘಾಟಿ, ಆಗುಂಬೆ ಘಾಟಿ ಎರಡರಲ್ಲೂ ವಾರಕ್ಕೆ ಮೂರು ಬಾರಿ ಓಡಾಡಿದ ಕಾರು. ಮಧ್ಯರಾತ್ರಿ ಹೊಸನಗರದಲ್ಲಿ ಕೆಟ್ಟು ನಿಂತರೂ ಬೆಳಿಗ್ಗೆ ಸಾಮಾನು ಸಿಗುತ್ತದೆ. ಟ್ಯಾಕ್ಸಿಯವರು ಇದನ್ನೇ ಮೊದಲು ನೋಡುತ್ತಾರೆ. ಆದರೆ ಈಗ ಮಾರುತಿಯಲ್ಲಿ ಡೀಸೆಲ್ ಇಲ್ಲ. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಾಗ ನಿಲ್ಲಿಸಿದರು. ನಿಮ್ಮ ಓಡಾಟಕ್ಕೆ ಪೆಟ್ರೋಲೇ ಸಾಕು.

ಉತ್ತರ – ಕುಂದಾಪುರದವನು, ದುಬೈ

ಟೀಚರ್, ಕಣ್ಣು ಮುಚ್ಚಿಕೊಂಡು ಟೊಯೊಟಾ ತೆಗೆದುಕೊಳ್ಳಿ. ಇಲ್ಲಿ ನನ್ನ 2009ರ ಕೊರೊಲ್ಲಾ ಐವತ್ತು ಡಿಗ್ರಿಯ ಹತ್ತಿರದ ಬಿಸಿಲಿನಲ್ಲಿ ಹದಿನಾರು ವರ್ಷದಿಂದ ಓಡುತ್ತಿದೆ. ಎಣ್ಣೆ, ಬ್ಯಾಟರಿ, ಟಯರ್, ಬ್ರೇಕ್ ಪ್ಯಾಡ್ ಬಿಟ್ಟರೆ ನಾನು ಅದಕ್ಕೆ ಹಾಕಿದ ದೊಡ್ಡ ಖರ್ಚೆಂದರೆ ಒಂದು ಎಸಿ ಕಂಪ್ರೆಸರ್. ನಿಮ್ಮ ಬೆಲೆಗೆ ಊರಿನಲ್ಲಿ ಗ್ಲಾಂಜಾ ಸಿಗುತ್ತದೆ. ಹೆಸರಿಗೆ ತಕ್ಕ ಕಾರು ಇರುತ್ತದೆ.

ಉತ್ತರ – ಕೊಪ್ಪದ ಗ್ಯಾರೇಜು

ಟೀಚರ್, ನಮಸ್ಕಾರ. ಹದಿನಾರನೇ ವಯಸ್ಸಿನಲ್ಲಿ ಶಿವಮೊಗ್ಗದ ಮೇಸ್ತ್ರಿಯೊಬ್ಬರ ಹತ್ತಿರ ಸ್ಪ್ಯಾನರ್ ಎತ್ತಿಕೊಡುವ ಕೆಲಸಕ್ಕೆ ಸೇರಿದವನು ನಾನು. ಈಗ ಇಪ್ಪತ್ತಾರು ವರ್ಷವಾಯಿತು, ಕೊಪ್ಪದಲ್ಲಿ ಸ್ವಂತ ಗ್ಯಾರೇಜಿದೆ. ನಿಮ್ಮ ಪ್ರಶ್ನೆ ಓದಿ ರಾತ್ರಿ ಕುಳಿತು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗಬಹುದು.

ಮೊದಲು ಜುಲೈನ ಆ ಸಂಜೆಯ ಮಾತು. ಘಾಟಿಯಲ್ಲಿ ಕ್ಲಚ್ ಸುಟ್ಟು ನನ್ನಲ್ಲಿಗೆ ಎಳೆದು ತರುವ ಕಾರುಗಳು ಮಳೆಗಾಲದಲ್ಲಿ ತಿಂಗಳಿಗೆ ನಾಲ್ಕೈದು. ಎಲ್ಲ ಕಂಪನಿಯವೂ ಇರುತ್ತವೆ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹೊರಗೆ ತೆಗೆದರೆ ಅದರ ಮೇಲಿನ ಪದರ ಕರಕಲಾಗಿ, ರಿವೆಟ್‌ಗಳು ಮೇಲೆದ್ದಿರುತ್ತವೆ. ಪ್ರೆಶರ್ ಪ್ಲೇಟಿನ ಉಕ್ಕು ನವಿಲುಗರಿಯ ಹಾಗೆ ನೀಲಿಗಟ್ಟಿರುತ್ತದೆ. ನೀಲಿ ಬಣ್ಣ ಬಂತೆಂದರೆ ಅದು ಕಾದು ಕೆಂಡವಾಗಿತ್ತು ಎಂದು ಅರ್ಥ. ಏರಿನಲ್ಲಿ ಮುಂದಿನ ಬಸ್ಸು ಚಲಿಸುವವರೆಗೆ ಹ್ಯಾಂಡ್‌ಬ್ರೇಕ್ ಎಳೆಯದೆ, ಅರ್ಧ ಕ್ಲಚ್‌ನಲ್ಲೇ ಕಾರನ್ನು ತೂಗಿ ನಿಲ್ಲಿಸಿಕೊಳ್ಳುವ ಅಭ್ಯಾಸದಿಂದ ಹಾಗಾಗುತ್ತದೆ. ಆಗುಂಬೆಯಲ್ಲಿ ಹದಿನಾಲ್ಕು ತಿರುವುಗಳು. ಪ್ರತಿ ತಿರುವಿನಲ್ಲೂ ಹೀಗೆ ಮಾಡಿದರೆ ಎಂಥ ಕಂಪನಿಯ ಕ್ಲಚ್ಚೂ ಉಳಿಯುವುದಿಲ್ಲ. ಇದು ನಿಮಗೆ ಬೇಸರ ಮಾಡಲು ಹೇಳುತ್ತಿಲ್ಲ. ನೀವೇ ಓಡಿಸುವವರು, ಆದ್ದರಿಂದ ಕಾರು ಬರುವ ಮೊದಲೇ ಹ್ಯಾಂಡ್‌ಬ್ರೇಕ್ ಬಳಸಿ ಏರಿನಲ್ಲಿ ಎತ್ತುವುದನ್ನು ಕಲಿತುಕೊಳ್ಳಿ. ಯಾವ ಕಂಪನಿಯ ಕಾರು ಕೊಂಡರೂ ಇಷ್ಟು ದೊಡ್ಡ ಉಳಿತಾಯ ಸಿಗುವುದಿಲ್ಲ.

ಇನ್ನು ಕಂಪನಿಯ ವಿಷಯ. ಟ್ಯಾಕ್ಸಿಯ ಅಣ್ಣ ಹೇಳಿದ ಡಿಸೈರ್ ಎಂಜಿನ್ ಮಾರುತಿಯವರು ಕಂಡುಹಿಡಿದದ್ದಲ್ಲ. ಅದು ಇಟಲಿಯ ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್. 2007ರಲ್ಲಿ ಸ್ವಿಫ್ಟ್‌ಗೆ ಬಂತು, 2008ರಲ್ಲಿ ಟಾಟಾದ ಇಂಡಿಕಾ ವಿಸ್ಟಾಕ್ಕೆ, 2009ರಲ್ಲಿ ಫಿಯೆಟ್‌ನದೇ ಪುಂಟೊಗೆ. ಮಾರುತಿಯಲ್ಲಿ ಡಿಡಿಐಎಸ್ ಎಂದರು, ಟಾಟಾದಲ್ಲಿ ಕ್ವಾಡ್ರಾಜೆಟ್ ಎಂದರು. ಮೂಲದಲ್ಲಿ ಎಂಜಿನ್ ಒಂದೇ. ನಾನು ಮೂರನ್ನೂ ಬಿಚ್ಚಿದ್ದೇನೆ. ಆದರೆ ಹತ್ತು ವರ್ಷದ ನಂತರ ಮಾರುವಾಗ ಸ್ವಿಫ್ಟ್‌ಗೆ ಸಾಲುಗಟ್ಟಿ ಜನ ಬರುತ್ತಿದ್ದರು, ಪುಂಟೊ ಕೇಳುವವರೇ ಇರಲಿಲ್ಲ. ನಡುವಿನ ವ್ಯತ್ಯಾಸ ಎಂದರೆ ಸ್ವಿಫ್ಟ್‌ನ ಬಂಪರ್ ಕ್ಲಿಪ್ಪಿನಿಂದ ಹಿಡಿದು ಹೆಡ್‌ಲೈಟ್‌ವರೆಗೆ ಎಲ್ಲವೂ ಶಿವಮೊಗ್ಗದ ಅಂಗಡಿಯಲ್ಲಿ ಸಿಗುತ್ತಿತ್ತು. ಬೆಳಿಗ್ಗೆ ಫೋನ್ ಮಾಡಿದರೆ ಮಧ್ಯಾಹ್ನದ ಬಸ್ಸಿಗೆ ಹಾಕಿ ಕಳುಹಿಸುತ್ತಿದ್ದರು. ಪುಂಟೊ ಸಾಮಾನಿಗೆ ಬೆಂಗಳೂರಿಗೆ ಬರೆದು ಕಾಯಬೇಕಿತ್ತು. ಕಾರಿನ ಯಜಮಾನರು ದಿನಾ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಒಳ್ಳೆಯ ಕಾರು ಅದು, ಬಾಗಿಲು ಮುಚ್ಚುವ ಸದ್ದು ಕೇಳಿದರೇ ಗೊತ್ತಾಗುತ್ತಿತ್ತು. ಈಗಲೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ದುಬೈಯ ಅಣ್ಣನ ಮಾತಿಗೂ ಇದೇ ಉತ್ತರ. ಕೊರೊಲ್ಲಾ ಬಗ್ಗೆ ಅವರು ಬರೆದದ್ದು ಅಕ್ಷರಶಃ ನಿಜ. ಬಿಡದಿಯಲ್ಲಿ ತಯಾರಾದ ಕ್ವಾಲಿಸ್, ಇನ್ನೋವಾ ಎಷ್ಟು ಲಕ್ಷ ಕಿಲೋಮೀಟರ್ ಓಡಿವೆ ಎಂದು ಕರಾವಳಿಯ ಯಾವ ಟೂರಿಸ್ಟ್ ಚಾಲಕನನ್ನು ಕೇಳಿದರೂ ಹೇಳುತ್ತಾನೆ. ಆದರೆ ಗ್ಲಾಂಜಾ ಕೊರೊಲ್ಲಾದ ತಮ್ಮನಲ್ಲ. 2019ರಿಂದ ಸುಜುಕಿಯ ಬಲೆನೊ ಕಾರನ್ನೇ ಟೊಯೊಟಾ ತನ್ನ ಹೆಸರಿನಲ್ಲಿ ಮಾರುತ್ತಿದೆ. ಬಾನೆಟ್ ಎತ್ತಿದರೆ ಸುಜುಕಿಯದೇ ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್. ಕೆಟ್ಟ ಕಾರು ಎನ್ನುತ್ತಿಲ್ಲ, ತುಂಬ ಒಳ್ಳೆಯ ಎಂಜಿನ್ ಅದು. ನಿಮಗೆ ಟೊಯೊಟಾ ಶೋರೂಮು ಹತ್ತಿರವೋ ಮಾರುತಿಯದು ಹತ್ತಿರವೋ, ಎಲ್ಲಿ ಮರ್ಯಾದೆಯಿಂದ ಮಾತನಾಡುತ್ತಾರೋ ನೋಡಿಕೊಂಡು ಎರಡರಲ್ಲಿ ಒಂದನ್ನು ಕೊಳ್ಳಬಹುದು. ಲಾಂಛನಕ್ಕೆಂದು ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ.

ಹಾಗಾಗಿ ನಾನು ನೋಡುವುದು ಆ ಎಂಜಿನ್ ಎಷ್ಟು ವರ್ಷದಿಂದ ಮಾರುಕಟ್ಟೆಯಲ್ಲಿದೆ ಎಂಬುದನ್ನು. ಹೊಸದಾಗಿ ಬಂದ ಎಂಜಿನ್ನಿನ ರೋಗಗಳು ಮೊದಲ ಎರಡು ವರ್ಷದ ಗಿರಾಕಿಗಳ ಮೇಲೆಯೇ ಗೊತ್ತಾಗುವುದು. ನಿಮ್ಮ ಬೆಲೆಯಲ್ಲಿ ಪಳಗಿದವು ಎಂದರೆ ವ್ಯಾಗನ್‌ಆರ್‌ನ ದೊಡ್ಡ ಎಂಜಿನ್, ಅದು ಬಲೆನೊದಲ್ಲಿರುವುದೇ. ಹುಂಡೈ ಗ್ರ್ಯಾಂಡ್ ಐ10 ನಿಯೋಸ್‌ನ 1.2, ಹೋಂಡಾ ಅಮೇಜ್‌ನ 1.2, ಟಾಟಾ ಟಿಯಾಗೊ ಮತ್ತು ಪಂಚ್‌ನ ಮೂರು ಸಿಲಿಂಡರಿನ 1.2. ಕೊನೆಯದು 2016ರಲ್ಲಿ ಟಿಯಾಗೊದೊಂದಿಗೆ ಬಂದ ಎಂಜಿನ್. ಸ್ವಲ್ಪ ನಡುಗುತ್ತದೆ, ಹುಂಡೈ, ಹೋಂಡಾ ಎಂಜಿನ್ನಿನ ನಯ ಅದಕ್ಕಿಲ್ಲ. ನಯಕ್ಕೆ ಹೋಂಡಾಕ್ಕೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಅಮೇಜ್ ನಿಮ್ಮ ಎಂಟು ಲಕ್ಷದೊಳಗೆ ಕೂರುವುದು ಕಷ್ಟ, ಸೀಟೂ ತಗ್ಗು.

ಗೇರ್ ಮ್ಯಾನುಯಲ್ ಇರಲಿ. ಈ ಬೆಲೆಯಲ್ಲಿ ಆಟೊಮ್ಯಾಟಿಕ್ ಎಂದು ಮಾರುವುದು ಹೆಚ್ಚಾಗಿ ಎಎಂಟಿ. ಅದರಲ್ಲಿರುವುದು ಮಾಮೂಲಿ ಕ್ಲಚ್ಚೇ; ನಿಮ್ಮ ಕಾಲಿನ ಬದಲು ಒಂದು ಯಂತ್ರ ಅದನ್ನು ಒತ್ತುತ್ತದೆ. ಪಟ್ಟಣದ ದಟ್ಟಣೆಗೆ ಅದು ವರ. ಘಾಟಿಯ ಹಿಮ್ಮುರಿ ತಿರುವಿನಲ್ಲಿ ಎರಡನೇ ಗೇರ್ ಇರಲೋ ಒಂದನೆಯದಕ್ಕೆ ಇಳಿಯಲೋ ಎಂದು ಅದು ಯೋಚಿಸುವ ಅರೆಕ್ಷಣ ನನಗೆ ಇಷ್ಟವಿಲ್ಲ. ಮ್ಯಾನುಯಲ್ ಕಾರಿಗೆ ಕ್ಲಚ್ ಸೆಟ್ ಹಾಕಿ ಕೂಲಿ ಸೇರಿ ನಾನು ಎಂಟು ಸಾವಿರದ ಆಸುಪಾಸು ತೆಗೆದುಕೊಳ್ಳುತ್ತೇನೆ. ಆ ಯಂತ್ರವೂ ಕೈಕೊಟ್ಟರೆ ಲೆಕ್ಕ ಬೇರೆಯೇ ಆಗುತ್ತದೆ.

ಮೈಲೇಜ್ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನೀವು ಗಣಿತದವರು, ನೀವೇ ಮಾಡಿ ನೋಡಿ. ಹತ್ತು ಸಾವಿರ ಕಿಲೋಮೀಟರಿಗೆ, ಲೀಟರಿಗೆ 17 ಕೊಡುವ ಕಾರು 588 ಲೀಟರ್ ಕುಡಿಯುತ್ತದೆ, 20 ಕೊಡುವುದು 500. ಲೀಟರಿಗೆ ನೂರಮೂರು ರೂಪಾಯಿ ಹಿಡಿದರೂ ವರ್ಷಕ್ಕೆ ಒಂಬತ್ತು ಸಾವಿರದ ವ್ಯತ್ಯಾಸ. ಬಾಳಿಕೆಯನ್ನು, ಸುರಕ್ಷತೆಯನ್ನು ಬಿಟ್ಟುಕೊಡುವಷ್ಟು ದೊಡ್ಡ ಮೊತ್ತವಲ್ಲ.

ಇನ್ನೊಂದು ಲೆಕ್ಕ. ಜಾಹೀರಾತಿನಲ್ಲಿ ಕಾಣುವುದು ಎಕ್ಸ್-ಶೋರೂಂ ಬೆಲೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 14, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಆರೂವರೆ ಲಕ್ಷದ ಕಾರಿಗೆ ತೆರಿಗೆಯೇ ಒಂದು ಲಕ್ಷ. ವಿಮೆ ಬೇರೆ. ಆದ್ದರಿಂದ ನೀವು ನೋಡಬೇಕಾದದ್ದು ಎಕ್ಸ್-ಶೋರೂಂ ಆರೂವರೆ ಲಕ್ಷದ ಸುತ್ತಮುತ್ತಲಿನ ಕಾರುಗಳನ್ನು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದದ್ದು ನಿಮ್ಮಂಥವರಿಗೆ ಅನುಕೂಲವೇ ಆಯಿತು. ಮೊದಲು ಈ ಬೆಲೆಗೆ ಪಟ್ಟಿಯ ಕೊನೆಯ ವೇರಿಯಂಟ್ ಮಾತ್ರ ಸಿಗುತ್ತಿತ್ತು.

ನಿರ್ಧರಿಸುವ ಮೊದಲು ಎರಡು ಕೆಲಸ ಮಾಡಿ. ಪ್ರತಿ ಕಂಪನಿಯ ಸರ್ವಿಸ್ ಸೆಂಟರಿಗೆ, ಶೋರೂಮಿಗಲ್ಲ, ಸರ್ವಿಸ್ ಸೆಂಟರಿಗೇ ಫೋನ್ ಮಾಡಿ: ಇವತ್ತು ಹೆಸರು ಬರೆಸಿದರೆ ಯಾವತ್ತು ಕಾರು ತೆಗೆದುಕೊಳ್ಳುತ್ತೀರಿ, ಕ್ಲಚ್ ಸೆಟ್ಟಿಗೆ ಎಷ್ಟು, ಆಗುಂಬೆ ಘಾಟಿಯಲ್ಲಿ ನಿಂತರೆ ಎಳೆದು ತರುವವರನ್ನು ಎಲ್ಲಿಂದ ಕಳುಹಿಸುತ್ತೀರಿ ಎಂದು ಕೇಳಿ. ಆಮೇಲೆ ಅಪ್ಪಯ್ಯನನ್ನು ಕರೆದುಕೊಂಡು ಹೋಗಿ ಸೀಟಿನಲ್ಲಿ ಕೂರಿಸಿ ನೋಡಿ. ಕಾರು ಅವರಿಗಾಗಿ ತಾನೆ.

ಉತ್ತರ – ಹೆಬ್ರಿ ಆಂಬುಲೆನ್ಸ್

ಗ್ಯಾರೇಜಿನ ಅಣ್ಣ ಎಲ್ಲ ಸರಿಯಾಗಿ ಬರೆದಿದ್ದಾರೆ, ಒಂದು ಮಾತನ್ನು ಮಾತ್ರ ನಾನು ಸೇರಿಸಬೇಕು. ಹನ್ನೊಂದು ವರ್ಷದಿಂದ ಈ ರಸ್ತೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದೇನೆ. ಒಂದೇ ರೀತಿಯ ಪೆಟ್ಟು ತಿಂದ ಎರಡು ಕಾರುಗಳಲ್ಲಿ ಒಂದರ ಬಾಗಿಲು ಕೈಯಿಂದ ಎಳೆದರೆ ತೆರೆದುಕೊಳ್ಳುತ್ತದೆ, ಇನ್ನೊಂದಕ್ಕೆ ಹಾರೆ ಹಾಕಬೇಕಾಗುತ್ತದೆ. ಆ ವ್ಯತ್ಯಾಸವನ್ನು ಕಣ್ಣಾರೆ ಕಂಡವನಿಗೆ ಮೈಲೇಜಿನ ಮಾತು ರುಚಿಸುವುದಿಲ್ಲ.

ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯ ಅಂಕಗಳನ್ನು ನೋಡಿ, ಐದು ನಕ್ಷತ್ರ ಅತಿ ಹೆಚ್ಚು. ದೊಡ್ಡವರ ಸುರಕ್ಷತೆಗೆ ವ್ಯಾಗನ್‌ಆರ್‌ಗೆ 2019ರಲ್ಲಿ ಎರಡು ನಕ್ಷತ್ರ, ಟಿಯಾಗೊಗೆ 2020ರಲ್ಲಿ ನಾಲ್ಕು, ಪಂಚ್‌ಗೆ 2021ರಲ್ಲಿ ಐದು. ಈ ಮೂರೂ ಒಂದೇ ಹಳೆಯ ನಿಯಮದ ಪ್ರಕಾರ ಆದ ಪರೀಕ್ಷೆಗಳು, ಹಾಗಾಗಿ ಹೋಲಿಸಬಹುದು. 2022ರಲ್ಲಿ ನಿಯಮ ಬಿಗಿಯಾದ ಮೇಲೆ ವ್ಯಾಗನ್‌ಆರ್‌ಗೆ 2023ರಲ್ಲಿ ಬಂದದ್ದು ಒಂದೇ ನಕ್ಷತ್ರ. ಈಗ ಅದಕ್ಕೆ ಆರು ಏರ್‌ಬ್ಯಾಗ್ ಕೊಡುತ್ತಿದ್ದಾರೆ, ಒಳ್ಳೆಯದೇ. ಆದರೆ ಏರ್‌ಬ್ಯಾಗ್ ಬೇರೆ, ಕಾರಿನ ಅಸ್ಥಿಪಂಜರ ಬೇರೆ.

ಮಾರುತಿ ಎಂದರೆ ತಗಡು ಎಂದು ಸಾರಾಸಗಟಾಗಿ ಹೇಳುವುದನ್ನೂ ನಾನು ಒಪ್ಪುವುದಿಲ್ಲ. ಅದೇ ಮಾರುತಿಯ ಹೊಸ ಡಿಸೈರ್ 2024ರ ನವೆಂಬರ್‌ನಲ್ಲಿ ಬಿಗಿಯಾದ ನಿಯಮದಲ್ಲೇ ಐದು ನಕ್ಷತ್ರ ಪಡೆದಿದೆ. ಕಂಪನಿ ಒಂದೇ ಆದರೂ ಕಾರಿನಿಂದ ಕಾರಿಗೆ ಬದಲಾಗುತ್ತದೆ. ಮತ್ತೆ, ಹಿಂದಿನ ಸೀಟಿನಲ್ಲಿ ಕೂರುವ ಅಪ್ಪಯ್ಯನಿಗೂ ಬೆಲ್ಟ್ ಹಾಕಿ ಟೀಚರ್. ಎದೆಯ ಆಪರೇಷನ್ ಆದವರು ಬೆಲ್ಟ್ ಒತ್ತುತ್ತದೆ ಎಂದು ಬಿಟ್ಟುಬಿಡುತ್ತಾರೆ. ಸಣ್ಣ ಟವೆಲ್ ಮಡಿಸಿ ನಡುವೆ ಇಟ್ಟುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ಆದರೆ ಬೆಲ್ಟ್ ಬಿಡಬೇಡಿ.

ಉತ್ತರ – ಚಿಕ್ಕಮಗಳೂರು ಕಾಫಿ

ಹೊಸದೇ ಯಾಕೆ? ಎಂಟು ಲಕ್ಷಕ್ಕೆ ಮೂರು ವರ್ಷ ಹಳೆಯ ದೊಡ್ಡ ಕಾರು ಬರುತ್ತದೆ. ಹಳೆಯದನ್ನು ನೋಡುವುದಾದರೆ 2023ರ ಏಪ್ರಿಲ್ ನಂತರ ತಯಾರಾದದ್ದನ್ನೇ ನೋಡಿ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ. ಅದಕ್ಕೆ ಹೊಂದುವ ಪೈಪು, ಸೀಲುಗಳು ಅವುಗಳಲ್ಲಿರುತ್ತವೆ. ಮಾರಾಟ ನಿಲ್ಲಿಸಿ ಹೋದ ಕಂಪನಿಯ ಕಾರಿನ ಹತ್ತಿರ ಮಾತ್ರ ಹೋಗಬೇಡಿ. ನಾನು ಅಂಥದ್ದೊಂದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಒಂದು ಸ್ಟೀರಿಂಗ್ ಸಾಮಾನಿಗಾಗಿ ಏಳು ವಾರ ಕಾದೆ. ಕೊಯ್ಲಿನ ಕಾಲ ಪೂರ್ತಿ ಕಾರಿಲ್ಲದೆ ಕಳೆಯಿತು.

ಮತ್ತೆ – ಮೇಗರವಳ್ಳಿ ಟೀಚರ್

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಕಾರಿನ ಸಲಹೆ ನೀಡಿದವರಿಗೂ. ಆದರೆ ಹಳೆಯದನ್ನು ಪರೀಕ್ಷಿಸುವ ಕಣ್ಣು ನನಗಿಲ್ಲ, ಹಾಗಾಗಿ ಹೊಸದನ್ನೇ ನೋಡುತ್ತಿದ್ದೇನೆ.

ಗ್ಯಾರೇಜಿನ ಅಣ್ಣ ಹೇಳಿದಂತೆ ಶನಿವಾರ ಅಪ್ಪಯ್ಯನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ನಾಲ್ಕು ಕಾರುಗಳಲ್ಲಿ ಕೂರಿಸಿ ನೋಡಿದೆ. ಗ್ಲಾಂಜಾದಲ್ಲಿ ಅವರು ಮೊದಲು ಬಾಗಿಲಿನ ಅಂಚು ಹಿಡಿದು ಬಗ್ಗಿದರು, ಸೊಂಟವನ್ನು ಸೀಟಿನ ಮೇಲೆ ಬೀಳಿಸಿದರು, ಆಮೇಲೆ ಪಂಚೆಯ ಸಮೇತ ಬಲಗಾಲನ್ನು ಎರಡೂ ಕೈಗಳಿಂದ ಎತ್ತಿ ಒಳಗೆ ಇಟ್ಟುಕೊಂಡರು. ಇಳಿಯುವಾಗ ಸೇಲ್ಸ್‌ನ ಹುಡುಗ ಕೈ ಕೊಡಬೇಕಾಯಿತು. ಟಿಯಾಗೊದಲ್ಲೂ ಹೆಚ್ಚುಕಡಿಮೆ ಹಾಗೆಯೇ. ವ್ಯಾಗನ್‌ಆರ್‌ನ ಸೀಟು ಸರಿಯಾಗಿ ಅವರ ಸೊಂಟದ ಎತ್ತರಕ್ಕಿತ್ತು. ಮನೆಯ ಜಗಲಿಯ ಮೇಲೆ ಕೂರುವ ಹಾಗೆ ಹಿಮ್ಮುಖವಾಗಿ ಕುಳಿತು ಕಾಲು ತಿರುಗಿಸಿಕೊಂಡರು. ಪಂಚ್‌ನಲ್ಲೂ ಹಾಗೆಯೇ ಕುಳಿತರು, ಅದರ ಬಾಗಿಲು ಇನ್ನೂ ಅಗಲಕ್ಕೆ ತೆರೆಯುತ್ತದೆ. ಎರಡರಿಂದಲೂ ಯಾರ ಕೈಯನ್ನೂ ಹಿಡಿಯದೆ ಇಳಿದರು. ಇದು ನನಗೆ ಯಾವ ಜಾಹೀರಾತಿನಲ್ಲೂ ಸಿಗದ ಮಾಹಿತಿ.

ಸರ್ವಿಸ್ ಸೆಂಟರುಗಳಿಗೂ ಫೋನ್ ಮಾಡಿದೆ. ಒಂದು ಕಡೆ ಮೂರು ಪ್ರಶ್ನೆಗೂ ಐದು ನಿಮಿಷದಲ್ಲಿ ಉತ್ತರ ಕೊಟ್ಟರು. ಇನ್ನೊಂದು ಕಡೆ ಕ್ಲಚ್ ಬೆಲೆ ಕೇಳಿದ್ದಕ್ಕೆ "ಮೊದಲು ಕಾರು ಕೊಳ್ಳಿ ಮೇಡಂ, ಆಮೇಲೆ ನೋಡೋಣ" ಎಂದರು. ಆ ಕಂಪನಿಯನ್ನು ಪಟ್ಟಿಯಿಂದ ತೆಗೆದಿದ್ದೇನೆ.

ಈಗ ಉಳಿದಿರುವುದು ವ್ಯಾಗನ್‌ಆರ್ ಮತ್ತು ಪಂಚ್. ಮೊದಲನೆಯದರ ಸರ್ವಿಸ್ ನಮಗೆ ಹತ್ತಿರ, ಎಂಜಿನ್ ನಯ. ಎರಡನೆಯದು ಗಟ್ಟಿ, ನೆಲದಿಂದ ಎತ್ತರ 187 ಮಿಲಿಮೀಟರ್, ವ್ಯಾಗನ್‌ಆರ್‌ಗೆ 165. ನಮ್ಮ ಮಣ್ಣಿನ ರಸ್ತೆಯ ನಡುವಿನ ದಿಬ್ಬವನ್ನು ಅಳತೆಪಟ್ಟಿ ಹಿಡಿದು ಅಳೆದಿದ್ದೇನೆ, ಕೆಲವು ಕಡೆ 170 ಇದೆ. ಅಣ್ಣ, ನೀವಾದರೆ ಯಾವುದನ್ನು ಕೊಳ್ಳುತ್ತಿದ್ದಿರಿ?

ಉತ್ತರ – ಕೊಪ್ಪದ ಗ್ಯಾರೇಜು

ದಿಬ್ಬವನ್ನೂ ಅಳೆದಿರಿ! ಇಷ್ಟು ಚೆನ್ನಾಗಿ ತಯಾರಿ ಮಾಡಿಕೊಂಡು ಕಾರು ಕೊಳ್ಳುವವರನ್ನು ನಾನು ಕಂಡಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪಂಚ್, ಮ್ಯಾನುಯಲ್. ಬರೀ ಪೇಟೆ ರಸ್ತೆಯಾಗಿದ್ದರೆ ವ್ಯಾಗನ್‌ಆರ್ ಎನ್ನುತ್ತಿದ್ದೆ. ಕೆಳಭಾಗ ದಿನಕ್ಕೆರಡು ಸಲ ದಿಬ್ಬಕ್ಕೆ ಉಜ್ಜಿದರೆ ಮೊದಲು ಹೋಗುವುದು ಅಡಿಯ ಬಣ್ಣ, ಆಮೇಲೆ ತುಕ್ಕು. ಹೆಬ್ರಿಯ ಅಣ್ಣನ ಮಾತನ್ನೂ ತೆಗೆದುಹಾಕುವಂತಿಲ್ಲ. ಸರ್ವಿಸ್ ದೂರ ಎಂಬುದು ನಿಜವಾದ ತೊಂದರೆ. ಆದರೆ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಎಂದರೆ ಕಂಪನಿ ಸರ್ವಿಸ್ ಇರುವುದು ಹೆಚ್ಚೆಂದರೆ ಒಂದೆರಡು ದಿನ. ವಾರಂಟಿ ಇರುವ ಮೂರು ವರ್ಷ ತಪ್ಪದೆ ಅಲ್ಲಿಗೇ ಹೋಗಿ, ಬಿಲ್ಲುಗಳನ್ನು ಜೋಪಾನ ಮಾಡಿ. ನಡುವಿನ ಬುಶ್, ಬ್ರೇಕ್ ಕೆಲಸ ಇಲ್ಲಿ ನಾನು ನೋಡುತ್ತೇನೆ.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಆದ್ದರಿಂದ ಯಾವ ಕಾರಾದರೂ ಇದನ್ನು ಮಾಡಲೇಬೇಕು: ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ತಿಂಗಳಿಗೊಮ್ಮೆ ತೆಂಗಿನ ಗರಿಯ ಕಡ್ಡಿ ಹಾಕಿ ಅವುಗಳನ್ನು ತಿವಿಯಿರಿ. ಕೆಲವೊಮ್ಮೆ ಕಡ್ಡಿ ತೆಗೆಯುತ್ತಲೇ ಕಂದು ನೀರು ಕೆಸರಿನ ಸಮೇತ ಧಾರೆಯಾಗಿ ಸುರಿಯುತ್ತದೆ. ಅಷ್ಟೂ ನೀರು ಬಾಗಿಲಿನ ಹೊಟ್ಟೆಯಲ್ಲಿ ನಿಂತಿತ್ತು ಎಂದರ್ಥ. ವೈಪರ್ ಕೆಳಗಿನ ಜಾಲರಿಯಲ್ಲಿ ತರಗೆಲೆ ಕೂರಲು ಬಿಡಬೇಡಿ, ಅಲ್ಲಿಂದ ನೀರು ಒಳಗೆ ಇಳಿಯುತ್ತದೆ. ತೋಟದ ಮನೆ, ಇಲಿಗಳು ವೈರು ಕಡಿಯುತ್ತವೆ. ನಮ್ಮ ಕಡೆ ಹೊಗೆಸೊಪ್ಪಿನ ಸಣ್ಣ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಬಾನೆಟ್ ಒಳಗೆ, ಬಿಸಿ ತಾಗದ ಮೂಲೆಯಲ್ಲಿ ಕಟ್ಟುತ್ತಾರೆ. ರಾತ್ರಿ ಬಾನೆಟ್ ತೆರೆದಿಡುವುದೂ ಉಪಯೋಗಕ್ಕೆ ಬರುತ್ತದೆ, ಇಲಿಗೆ ಬೆಚ್ಚಗಿನ ಕತ್ತಲು ಬೇಕು.

ಘಾಟಿ ಇಳಿಯುವಾಗ ಎಷ್ಟೇ ಜನ ಹೇಳಿದರೂ ನ್ಯೂಟ್ರಲ್ ಮಾಡಬೇಡಿ. ಹತ್ತುವ ಗೇರಿನಲ್ಲೇ ಇಳಿಯಿರಿ. ಎಂಜಿನ್ ಕಾರನ್ನು ಹಿಡಿದುಕೊಂಡರೆ ಬ್ರೇಕ್ ತಣ್ಣಗಿರುತ್ತದೆ. ಟೆಸ್ಟ್ ಡ್ರೈವ್ ಶಿವಮೊಗ್ಗದ ನುಣುಪು ರಸ್ತೆಯಲ್ಲಿ ಬೇಡ, ಏರಿರುವ ಕಡೆ ನಾಲ್ಕು ಜನರನ್ನು ಕೂರಿಸಿ, ಎಸಿ ಹಾಕಿ ಕೊಡಿ ಎಂದು ಹಟ ಹಿಡಿಯಿರಿ.

ಮತ್ತೆ – ಮೇಗರವಳ್ಳಿ ಟೀಚರ್

ಹಟ ಹಿಡಿದೆ. ಅವರೇ ಕಾರನ್ನು ಮನೆಯವರೆಗೆ ತಂದರು. ಅಪ್ಪಯ್ಯ, ಅಮ್ಮ, ಸೇಲ್ಸ್‌ನ ಹುಡುಗ ಮತ್ತು ನಾನು ಆಗುಂಬೆಯಿಂದ ನಾಲ್ಕು ತಿರುವು ಇಳಿದು ಮತ್ತೆ ಹತ್ತಿದೆವು. ಮೂರನೇ ತಿರುವಿನಲ್ಲಿ ಬೇಕೆಂದೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ ಎತ್ತಿದೆ. ಮೊದಲ ಸಲ ಎಂಜಿನ್ ಬಂದ್ ಆಯಿತು. ಎರಡನೇ ಸಲ ಒಂದು ಗೇಣೂ ಹಿಂದೆ ಜಾರದೆ ಹೊರಟಿತು. ಎಂಜಿನ್ನಿನ ನಡುಕ ಸ್ಟೀರಿಂಗಿನಲ್ಲಿ ಸ್ವಲ್ಪ ಗೊತ್ತಾಗುತ್ತದೆ, ನನಗೆ ಅದೇನೂ ತೊಂದರೆ ಎನ್ನಿಸಲಿಲ್ಲ. ಎಸಿ ಹಾಕಿದಾಗ ಏರಿನಲ್ಲಿ ಎರಡನೇ ಗೇರಿಗೆ ಉಸಿರು ಸಾಲದು. ಒಂದಕ್ಕೆ ಇಳಿಸಿಕೊಂಡರೆ ಸರಿಯಾಗುತ್ತದೆ.

ಜುಲೈನಲ್ಲಿ ನಿಂತ ಜಾಗ ಇನ್ನೂ ಕೆಳಗಿದೆ. ಅಪ್ಪಯ್ಯ ಕಿಟಕಿಯಿಂದ ಆ ಕಡೆ ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಪಂಚ್ ಬುಕ್ ಮಾಡಿದ್ದೇನೆ, ಮಧ್ಯದ ವೇರಿಯಂಟ್, ತೆರಿಗೆ ವಿಮೆ ಎಲ್ಲ ಸೇರಿ ಎಂಟು ಲಕ್ಷಕ್ಕೆ ಹನ್ನೊಂದು ಸಾವಿರ ಕಡಿಮೆ. ಕೊಪ್ಪದ ಅಣ್ಣ, ಕಾರು ಬಂದ ವಾರದಲ್ಲೇ ನಿಮ್ಮಲ್ಲಿಗೆ ತರುತ್ತೇನೆ. ಜ್ಯಾಕಿ ಹಾಕಿ ಸ್ಟೆಪ್ನಿ ಬದಲಿಸುವುದನ್ನು ನಿಮ್ಮ ಮುಂದೆ ಒಮ್ಮೆ ನಾನೇ ಮಾಡಬೇಕು. ಭಾನುವಾರ ಗ್ಯಾರೇಜು ತೆರೆದಿರುತ್ತದೆಯೇ?

ಉತ್ತರ – ಕೊಪ್ಪದ ಗ್ಯಾರೇಜು

ಮಧ್ಯಾಹ್ನ ಒಂದರವರೆಗೆ ಇರುತ್ತೇನೆ. ಅಪ್ಪಯ್ಯನನ್ನೂ ಕರೆದುಕೊಂಡು ಬನ್ನಿ.